ಗುಂಡಿಯಲ್ಲಿ ಮಲಗಿದ ಇಸ್ತ್ರಿಯವನು

ದೇಶದ ಅಧ್ಯಕ್ಷರನ್ನು ಏಕವಚನದಲ್ಲಿ ಕರೆಯುವ ಹಕ್ಕು ಇದ್ದದ್ದು ಇಬ್ಬರಿಗೆ. ಒಬ್ಬರು ಅವರ ತಾಯಿ, ಅವರು ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಇನ್ನೊಬ್ಬ ಅರಮನೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಅನ್ಸೆಲ್ಮ್ ಪಾರೆ.

ಈ ಹಕ್ಕನ್ನು ಅನ್ಸೆಲ್ಮ್ ಬೆವರು ಸುರಿಸಿ ಸಂಪಾದಿಸಿದ್ದೇನಲ್ಲ. ಅವನು ಹುಟ್ಟಿನಿಂದ ಸಾಮೊ ಬುಡಕಟ್ಟಿನವನು, ಅಧ್ಯಕ್ಷ ಸಿಂಪೋರೆಯವರು ಹುಟ್ಟಿನಿಂದ ಮೋಸಿ ಬುಡಕಟ್ಟಿನವರು. ಸಾಮೊಗಳಿಗೂ ಮೋಸಿಗಳಿಗೂ ಅಜ್ಜನ ಅಜ್ಜಂದಿರ ಕಾಲದಿಂದ ಗೇಲಿಯ ನಂಟು. ಸಾಮೊ ಏನು ಬೈದರೂ ಮೋಸಿ ಸಿಟ್ಟಾಗುವಂತಿಲ್ಲ, ಮೋಸಿ ಏನಂದರೂ ಸಾಮೊ ನಗಲೇಬೇಕು. ಒಬ್ಬನಿಗೆ ಇನ್ನೊಬ್ಬ ಗುಲಾಮ. ಯಾರಿಗೆ ಯಾರು ಅನ್ನುವುದು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ.

ಗುಮಾಸ್ತನಾಗಬೇಕೆಂದು ಎರಡು ಸಲ ಪರೀಕ್ಷೆ ಬರೆದು, ಎರಡು ಸಲವೂ ಗೋತಾ ಹೊಡೆದು, ಕೊನೆಗೆ ಯಾರದೋ ಕೈಕಾಲು ಹಿಡಿದು ಅವನು ಇಸ್ತ್ರಿಪೆಟ್ಟಿಗೆ ಹಿಡಿದಿದ್ದ. ಮೊದಲ ದಿನವೇ ಅಧ್ಯಕ್ಷರ ಅಂಗಿಯ ತೋಳು ಸುಟ್ಟ. ಮನೆಗೆ ಹೋಗು ಅನ್ನುವುದನ್ನು ಕೇಳಲು ತಲೆ ತಗ್ಗಿಸಿ ನಿಂತಿದ್ದಾಗ ಅಧ್ಯಕ್ಷರು ಮನೆತನದ ಹೆಸರು ಕೇಳಿದರು.

"ಪಾರೆ."

"ಸಾಮೊ! ಅದಕ್ಕೇ ಮತ್ತೆ. ನಾಯಿತಲೆ ತಿನ್ನೋನ ಕೈಗೆ ಇಸ್ತ್ರಿ ಕೊಟ್ರೆ ಇನ್ನೇನಾಗತ್ತೆ."

ಹೇಗೂ ಕೆಲಸ ಹೋಯಿತೆಂದು ಅನ್ಸೆಲ್ಮನ ನಾಲಿಗೆ ಸಡಿಲವಾಗಿತ್ತು. "ಮೋಸಿಗೆ ತೋಳು ಯಾಕೆ ಬೇಕಪ್ಪ? ಕತ್ತೆ ಹಗ್ಗ ಹಿಡಿಯೋಕೆ ಒಂದು ಬೆರಳು ಸಾಕು. ಅದೂ ಕತ್ತೆ ಮುಂದೆ, ನೀನು ಹಿಂದೆ."

ಕಾರ್ಯದರ್ಶಿ ಉಸಿರು ಹಿಡಿದ. ಅಧ್ಯಕ್ಷರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೆಲಸ ಕಾಯಂ ಆಯಿತು. ಆಮೇಲೆ ಅನ್ಸೆಲ್ಮ್ ಯಾರ ಮುಂದಾದರೂ ಹೇಳುವುದಿತ್ತು: "ಇಸ್ತ್ರಿಗೆ ಅರ್ಧ ಸಂಬಳ, ಬಾಯಿಗೆ ಅರ್ಧ. ಎರಡರಲ್ಲೂ ನಾನು ಸುಮಾರೇ."

ಗೇಲಿಯ ನಂಟು ನಿಜವಾಗಿ ಕೆಲಸಕ್ಕೆ ಬರುವುದು ಸಾವಿನ ಮನೆಯಲ್ಲಿ. ಮೋಸಿ ಸತ್ತರೆ ಸಾಮೊ ಹೋಗಿ ಸತ್ತವನ ನಡಿಗೆ, ಕೆಮ್ಮು, ಜಿಪುಣತನ ಎಲ್ಲವನ್ನೂ ಅಣಕಿಸುತ್ತಾನೆ. ತೋಡಿದ ಗುಂಡಿಯಲ್ಲಿ ತಾನೇ ಹೋಗಿ ಮಲಗುತ್ತಾನೆ. ಕೇಳಿದ್ದು ಕೊಡುವ ತನಕ ಏಳುವುದಿಲ್ಲ. ಅವನು ಏಳುವ ತನಕ ಹೆಣ ಇಳಿಯುವುದಿಲ್ಲ. ಕೊಡುವುದಿಲ್ಲ ಅಂದ ಮೋಸಿ ಇದುವರೆಗೆ ಇಲ್ಲ. ಸಾಮೊ ಸತ್ತರೆ ಮೋಸಿಯ ಸರದಿ. ಅನ್ಸೆಲ್ಮ್ ತನ್ನ ಕೇರಿಯಲ್ಲಿ ಹಾಗೆ ಮಲಗಿ ಒಮ್ಮೆ ಹುಂಜ, ಒಮ್ಮೆ ಹಳೇ ಛತ್ರಿ ಗಿಟ್ಟಿಸಿದ್ದ. ಛತ್ರಿ ಸೋರುತ್ತಿತ್ತು.

ಅವನಿಗಿದ್ದವರು ಊರಿನಲ್ಲಿ ತಾಯಿ, ರಾಜಧಾನಿಯ ದಂಡಿನಲ್ಲಿ ತಮ್ಮ ಗಾಸ್ಪಾರ್. ಗಾಸ್ಪಾರ್ ಸಿಪಾಯಿಯೇನೋ ಹೌದು, ಆದರೆ ಸೇನೆಯ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. "ನನ್ನ ಚಿಕ್ಕೋನ ಕೈಲಿ ಕೋವಿ ಇಲ್ಲ, ಕೊಂಬಿದೆ" ಎಂದು ತಾಯಿ ಬಾವಿಕಟ್ಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ಅವನ ಸೇವೆಯ ಕರಾರು ಆ ಬೇಸಿಗೆಗೆ ಮುಗಿಯುವುದಿತ್ತು. ಮತ್ತೆ ರುಜು ಹಾಕಿದರೆ ಇನ್ನೂ ಐದು ವರ್ಷ. ಇಲ್ಲವಾದರೆ ಸೋದರಮಾವನ ಜೊತೆ ಕರಾವಳಿಯ ಕೋಕೋ ತೋಟಕ್ಕೆ.

"ಅಣ್ಣ, ಯುದ್ಧ ಬಂದ್ರೆ ಬ್ಯಾಂಡಿನೋರನ್ನ ಸ್ಟ್ರೆಚರ್ ಹೊರೋಕೆ ಗಡಿಗೆ ಹಾಕ್ತಾರಂತೆ" ಎಂದಿದ್ದ ಗಾಸ್ಪಾರ್, ಒಂದು ಭಾನುವಾರ ಅಣ್ಣನ ಕೋಣೆಯಲ್ಲಿ ತಣ್ಣಗಿನ ಸಜ್ಜೆ ಮುದ್ದೆ ಮುರಿಯುತ್ತಾ. "ನೀನು ಅರಮನೆಲಿ ಇರೋನು. ಬರತ್ತಾ ಇಲ್ವಾ, ಹೇಳು. ಅದರ ಮೇಲೆ ರುಜು."

"ನಾನು ಅರಮನೆಲಿ ಇರೋದು ಅಂಗಿಗಳ ಜೊತೆ ಕಣೋ."

"ಅಂಗಿ ಒಳಗೆ ಇರೋನು ಅಧ್ಯಕ್ಷನೇ ತಾನೆ?"

ಯುದ್ಧದ ಮಾತು ಆಗಲೇ ಹಳಸಿತ್ತು. ಹೊಳೆಯಾಚೆಯ ದೇಶದೊಂದಿಗೆ ಹುಲ್ಲುಗಾವಲಿನ ತಕರಾರು. ಅಧ್ಯಕ್ಷರಿಗೆ ಯುದ್ಧ ಬೇಕಿತ್ತು. ಇಲ್ಲಿ ಮೇಷ್ಟರುಗಳು ಮುಷ್ಕರ ಹೂಡಿದ್ದರು, ವಿದ್ಯಾರ್ಥಿಗಳು ಅಧ್ಯಕ್ಷರ ಕಾರು ಕಂಡರೆ ಖಾಲಿ ತಟ್ಟೆ ಬಡಿಯುತ್ತಿದ್ದರು. ಆದರೆ ಹುಲ್ಲಿಗಾಗಿ ಮಕ್ಕಳನ್ನು ಕಳಿಸುವುದಿಲ್ಲವೆಂದು ಶಾಸನಸಭೆಯ ಹಿರಿಯರು ಪಟ್ಟು ಹಿಡಿದಿದ್ದರು. ಅಧ್ಯಕ್ಷರಿಗೆ ಹೊಟ್ಟೆಯುರಿ ಹತ್ತಿತ್ತು, ಗಾದೆಯಲ್ಲಿ ಬರುವಂಥದ್ದಲ್ಲ, ವೈದ್ಯರು ಮದ್ದು ಕೊಡುವಂಥದ್ದು. ತಿಂಗಳುಗಟ್ಟಲೆ ಅನ್ನದ ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಸೊಂಟ ಕರಗಿ, ಅನ್ಸೆಲ್ಮ್ ಅವರ ಷರಾಯಿಗಳನ್ನೆಲ್ಲ ಹಿಡಿಸಿ ಹೊಲಿಸಿದ್ದ.

ಆ ಸೋಮವಾರ ಬೆಳಿಗ್ಗೆ ಬಟ್ಟೆಕೋಣೆಯಲ್ಲಿ ಇಬ್ಬರೇ ಇದ್ದರು. ಅನ್ಸೆಲ್ಮ್ ಕೆಂಡ ಊದುತ್ತಿದ್ದ, ಅಧ್ಯಕ್ಷರು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಫೋನು ಬಂತು. ಹೊಳೆದಂಡೆಯ ಸಂತೆಗೆ ಹೋಗುತ್ತಿದ್ದ ಹೆಂಗಸರ ಬಸ್ಸಿನ ಮೇಲೆ ಆಚೆ ದಡದ ಗಡಿಕಾವಲಿನವರು ಗುಂಡು ಹಾರಿಸಿದ್ದರು. ಬಸ್ಸಿನಲ್ಲಿ ಜೀವಂತ ಉಳಿದವರು ಬೆರಳೆಣಿಕೆ.

"ಎಲ್ಲಾ ಹೆಂಗಸರೇ?" ಅಧ್ಯಕ್ಷರು ಕೇಳಿದ್ದು ಅಷ್ಟೇ. ಫೋನು ಕೆಳಗಿಟ್ಟರು. ತಲೆಯ ಮೇಲೆ ಕೈ ಹೊತ್ತರು. ಆಮೇಲೆ ಅತ್ತರು. ಅನ್ಸೆಲ್ಮ್ ಮುಂದೆ ಎಷ್ಟು ಸಲ ನೆನೆದರೂ ಆ ಅಳುವನ್ನು ಸುಳ್ಳೆನ್ನಲು ಅವನಿಂದ ಆಗಲಿಲ್ಲ. ಭುಜ ಕುಲುಕುತ್ತಿದ್ದವು, ಮೂಗು ಸೋರುತ್ತಿತ್ತು. ಸಂತೆಗೆ ಕಡಲೆಕಾಯಿ ಹೊತ್ತುಕೊಂಡು ಹೋಗಿಯೇ ಅವರ ತಾಯಿ ಅವರನ್ನು ಓದಿಸಿದ್ದು. ಅನ್ಸೆಲ್ಮ್ ಈಗಷ್ಟೇ ಮಡಿಸಿದ ಕರವಸ್ತ್ರ ಕೊಟ್ಟ.

ಕರವಸ್ತ್ರದಿಂದ ಮುಖ ಹೊರಗೆ ಬಂದಾಗ ಅದು ಬೇರೆಯಾಗಿತ್ತು. ಹೇಗೆ ಬೇರೆ? ಬಿಗಿ ಜೋಡು ಕಳಚಿದವನ ಮುಖದ ಹಾಗೆ.

"ಅನ್ಸೆಲ್ಮ್, ಹೊಟ್ಟೆ ಹಸೀತಿದೆ ಕಣೋ."

ಗಂಜಿ ತರಿಸಲು ಹೊರಟವನನ್ನು ತಡೆದರು. "ಗಂಜಿ ಬೇಡ. ಮುದ್ದೆ ಹೇಳು. ಬೆಂಡೆಕಾಯಿ ಸಾರು, ಒಣಮೀನು ಹಾಕಿದ್ದು. ಖಾರ ಇರಲಿ."

ರಕ್ಷಣಾ ಮಂತ್ರಿ ಓಡಿ ಬರುವ ಹೊತ್ತಿಗೆ ಅವರು ಎರಡನೆಯ ಮುದ್ದೆಯಲ್ಲಿದ್ದರು. ಇಸ್ತ್ರಿಯವನು ಕೋಣೆಯಲ್ಲಿರುವುದು ಮಂತ್ರಿಗೆ ಕಾಣಲಿಲ್ಲ. ಇಸ್ತ್ರಿಯವನು ಯಾರಿಗೂ ಕಾಣುವುದಿಲ್ಲ. ಅಂಗಿ ಸುಟ್ಟ ದಿನ ಮಾತ್ರ ಕಾಣುತ್ತಾನೆ.

"ಇನ್ನು ಯಾರೂ ಬೇಡ ಅನ್ನಲ್ಲ ಸಾರ್" ಎಂದರು ಮಂತ್ರಿ.

"ಷ್, ಮೆಲ್ಲಗೆ. ಸತ್ತೋರ ಮೈ ಇನ್ನೂ ಆರಿಲ್ಲ." ಅಧ್ಯಕ್ಷರು ಬೆರಳು ನೆಕ್ಕಿದರು. ಮೇಜಿನ ಕೆಳಗೆ ಅವರ ಕಾಲು ತಾಳ ಹಾಕುತ್ತಿತ್ತು.

ಕಾರ್ಯದರ್ಶಿ ಬಾಗಿಲಲ್ಲಿ ಇಣುಕಿದ. "ಸಾರ್, ಆಚೆ ದೇಶದ ಅಧ್ಯಕ್ಷರು ಲೈನಿನಲ್ಲಿದಾರೆ. ಅಳ್ತಿದಾರೆ. ಕಾವಲಿನೋರು ಕುಡಿದಿದ್ರಂತೆ. ಎಲ್ಲರನ್ನೂ ಹಿಡಿದು ಒಪ್ಪಿಸ್ತಾರಂತೆ, ಕ್ಷಮೆ ಕೇಳೋಕೆ ತಾವೇ ಬರ್ತಾರಂತೆ."

ಅಧ್ಯಕ್ಷರು ಮಂತ್ರಿಯನ್ನು ನೋಡಿದರು, ಮಂತ್ರಿ ನೆಲ ನೋಡಿದರು.

"ಸ್ನಾನಕ್ಕೆ ಹೋಗಿದಾರೆ ಅನ್ನು."

"ಮತ್ತೆ ಮಾಡಿದ್ರೆ ಸಾರ್?"

"ಸ್ನಾನ ದೊಡ್ಡದು ಅನ್ನು."

ಇಬ್ಬರೂ ಹೋದ ಮೇಲೆ ಅಧ್ಯಕ್ಷರು ಬಿಳಿ ನಿಲುವಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರು. "ಹೆಂಗೆ ಕಾಣ್ತೀನೋ?"

"ಮದುವೆಗಂಡಿನ ಹಾಗೆ ಕಾಣ್ತೀಯ" ಎಂದ ಅನ್ಸೆಲ್ಮ್.

ಹೇಳಬಾರದ್ದನ್ನು ಹೇಳಿದೆ ಅನ್ನಿಸಿತು. ಆದರೆ ಕಟ್ಟಳೆ ಕಟ್ಟಳೆಯೇ. ಅಧ್ಯಕ್ಷರು ನಗಬೇಕಾಯಿತು, ನಕ್ಕರು. ಆಮೇಲೆ ನಿಲುವಂಗಿಯ ತುದಿ ಹಿಡಿದು ಹೇಳಿದರು: "ನೀನು ಹೇಳೋದು ಸರಿ. ಈ ಗೆರೆ ಇಷ್ಟು ಚೂಪಾಗಿರಬಾರದು. ದುಃಖದಲ್ಲಿರೋನು ಇಸ್ತ್ರಿ ನೋಡ್ತಾನಾ? ಸ್ವಲ್ಪ ಮುದುಡಿಸು."

ಅನ್ಸೆಲ್ಮ್ ನೀರು ಚಿಮುಕಿಸಿ, ತಾನೇ ಬೆಳಗಿನಿಂದ ತೀಡಿದ ಬಟ್ಟೆಯನ್ನು ಎರಡು ಮುಷ್ಟಿಯಲ್ಲಿ ಹಿಂಡಿದ. ತೋಳಿಗೆ ಒಂದಿಷ್ಟು, ಎದೆಗೆ ಒಂದಿಷ್ಟು. ಅವನ ವೃತ್ತಿಜೀವನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಬೇರೊಂದಿಲ್ಲ.

ಅರಮನೆಯ ಗೇಟಿನೆದುರು ಅಲಸಂದೆ ವಡೆ ಕರಿಯುತ್ತಿದ್ದ ಅಜೇತಾ ಅನ್ನುವ ಮೋಸಿ ಹೆಂಗಸು ಅವನಿಗೆ ಬೆಳಗಿನ ತಿಂಡಿಯ ಜೊತೆ ದಿನದ ಬೈಗುಳವನ್ನೂ ಕೊಡುತ್ತಿದ್ದಳು. ಆ ದಿನ ಒಲೆ ಹೊತ್ತಿರಲಿಲ್ಲ. ಅವಳ ಮಗಳು ರಸ್ಮಾತಾ ಆ ಬಸ್ಸಿನಲ್ಲಿದ್ದಳು. ಪಕ್ಕದ ಅಂಗಡಿಯ ಟೀವಿಯಲ್ಲಿ ಅಧ್ಯಕ್ಷರು ಮಾತಾಡುತ್ತಿದ್ದರು. ಅಜೇತಾ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಪಾಪ, ಬಟ್ಟೆ ಬದಲಾಯಿಸೋಕೂ ಮನಸ್ಸಿಲ್ಲ ಅವ್ರಿಗೆ. ನೋಡೋ, ಎಷ್ಟು ಮುದುಡಿದೆ" ಎಂದಳು.

ಅನ್ಸೆಲ್ಮ್ ತನ್ನ ಕೈಗಳನ್ನು ಜೇಬಿಗಿಳಿಸಿದ.

ಶವಸಂಸ್ಕಾರ ಊರಾಚೆಯ ಬಯಲಿನಲ್ಲಿ ಆಯಿತು. ಕೆಂಪು ಮಣ್ಣಿನಲ್ಲಿ ಸಾಲಾಗಿ ಗುಂಡಿಗಳು. ಅಧ್ಯಕ್ಷರು ಮೊದಲ ಹಿಡಿ ಮಣ್ಣು ಹಾಕಿ ಮಾತಾಡುವುದೆಂದು ತೀರ್ಮಾನವಾಗಿತ್ತು. ಏನು ಮಾತಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಸತ್ತವರೆಲ್ಲ ಮೋಸಿ ಹೆಂಗಸರಾದ್ದರಿಂದ ಸಾಮೊಗಳು ಬಂದಿದ್ದರು. ಒಬ್ಬ ಮುದುಕ ತಲೆಗೆ ಹೆಂಗಸರ ವಸ್ತ್ರ ಸುತ್ತಿ, ಬುಟ್ಟಿ ಹೊತ್ತು, ಸಂತೆ ಹೆಂಗಸರ ಹಾಗೆ ಹೆಣಗಳೊಡನೆ ಚೌಕಾಸಿ ಮಾಡುತ್ತಿದ್ದ. ಅಳುತ್ತಿದ್ದವರು ನಗುತ್ತಿದ್ದರು, ನಗುತ್ತಿದ್ದವರು ಮತ್ತೆ ಅಳುತ್ತಿದ್ದರು.

ಅಧ್ಯಕ್ಷರ ಬದಲಿ ನಿಲುವಂಗಿ ಹಿಡಿದುಕೊಂಡು ಬಂದಿದ್ದ ಅನ್ಸೆಲ್ಮ್, ಅದನ್ನು ಡ್ರೈವರನ ಕೈಗೆ ಕೊಟ್ಟು, ರಸ್ಮಾತಾಳಿಗೆ ತೋಡಿದ ಗುಂಡಿಗೆ ಇಳಿದು ಉದ್ದಕ್ಕೆ ಮಲಗಿದ. ಧೈರ್ಯ ಎಂದೇನಲ್ಲ. ಕಾಲು ನಡುಗುತ್ತಿದ್ದವು, ಮಲಗಿದರೆ ಅದು ಕಾಣುವುದಿಲ್ಲವಲ್ಲ.

ಮಗಳು ಹೋದಾಗಿನಿಂದ ಯಾರನ್ನೂ ಬೈಯದಿದ್ದ ಅಜೇತಾ ಅಂಚಿಗೆ ಬಂದಳು. "ಏಳೋ ನಾಯಿ ತಿನ್ನೋನೆ. ಅದು ನನ್ನ ಮಗಳ ಜಾಗ."

"ನಿನ್ನ ಮಗಳು ಬಸ್ಸಲ್ಲೂ ಹೀಗೇ, ಕೈಚೀಲ ಎಸೆದು ಮೂರು ಸೀಟು ಹಿಡಿಯೋಳು. ಈಗ ನನ್ನ ಸರದಿ."

ಅಜೇತಾಳ ಗಂಟಲಿನಿಂದ ನಗುವೋ ಬಿಕ್ಕೋ ತಿಳಿಯದ್ದೊಂದು ಹೊರಟಿತು. ಯಾರೋ ಕಾಸು ಎಸೆದರು, ಯಾರೋ ಕೋಳಿ ತೋರಿಸಿದರು. ಅನ್ಸೆಲ್ಮ್ ತಲೆ ಅಲ್ಲಾಡಿಸಿದ. "ಸಣ್ಣ ಮೋಸಿಗಳು ಬೇಡ. ದೊಡ್ಡ ಮೋಸಿನ ಕರೀರಿ."

ಕ್ಯಾಮೆರಾಗಳು ತಿರುಗಿದವು. ಅಧ್ಯಕ್ಷರು ಬರದೆ ವಿಧಿಯಿರಲಿಲ್ಲ. ಗುಂಡಿಯ ಬಾಯಲ್ಲಿ ನಿಂತರು. ಕೆಳಗಿನಿಂದ ಅವರು ತುಂಬ ಎತ್ತರವಾಗಿ ಕಂಡರು.

"ಏನು ಬೇಕೋ ಗುಲಾಮ?"

"ಮಾತು ಬೇಕು. ಈ ಗುಂಡಿಗಳೇ ಕಡೆ, ಇನ್ನು ತೋಡಿಸಲ್ಲ ಅನ್ನು. ಆಚೆಯವನು ಫೋನ್ ಮಾಡಿದ್ರೆ ಎತ್ತುತೀನಿ ಅನ್ನು. ಸ್ನಾನ ಮುಗೀತಲ್ಲ ನಿಂದು?"

ಜನ ನಕ್ಕರು, ಸ್ನಾನದ ಮಾತು ಏನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರ ಕಣ್ಣು ಒಂದು ಗಳಿಗೆ ಕಲ್ಲಾಯಿತು. ಮರುಗಳಿಗೆ ಅಧ್ಯಕ್ಷರೂ ನಕ್ಕರು. ಬಗ್ಗಿ ಕೈ ಚಾಚಿದರು. "ಆಯ್ತು, ಕೊಟ್ಟೆ ಮಾತು. ಏಳು, ಬಟ್ಟೆಯೆಲ್ಲ ಮಣ್ಣು ಮಾಡ್ಕೊಂಡಿದೀಯ."

ಅವರೇ ಎಳೆದು ಎತ್ತಿದರು. ಬಯಲೆಲ್ಲ ಚಪ್ಪಾಳೆ. ಆ ದಿನ ಅವರು ಯುದ್ಧದ ಮಾತು ಎತ್ತಲಿಲ್ಲ. ಸತ್ತವರ ಹೆಸರು ಓದಿ, ಮಣ್ಣು ಹಾಕಿ, ಹೊರಟುಹೋದರು.

ಸಂಜೆ ಅನ್ಸೆಲ್ಮ್ ತಮ್ಮನಿಗೆ ಫೋನು ಮಾಡಿದ. ಅವನ ದನಿ ಸ್ವಲ್ಪ ದೊಡ್ಡದಾಗಿಯೇ ಇತ್ತು. ದೇಶ ಉಳಿಸಿದವನ ದನಿ ಸಣ್ಣದಿರುವುದು ಹೇಗೆ?

"ರುಜು ಹಾಕು. ಯುದ್ಧ ಇಲ್ಲ."

"ನಿಜವಾಗ್ಲೂ? ಮಾವ ನಾಳೆ ಬಸ್ಸಿಗೆ ಹೊರಡ್ತಿದಾನೆ ಅಣ್ಣ. ಹೋಗೋದಾದ್ರೆ ಈಗ್ಲೇ ಹೋಗಬೇಕು."

"ಗುಂಡಿ ಅಂಚಲ್ಲಿ ನಿಂತು ಕೊಟ್ಟ ಮಾತು ಕಣೋ. ಅದನ್ನ ಮುರಿದ ಮೋಸಿ ಹುಟ್ಟಿಲ್ಲ. ಕೋಕೋ ತೋಟದಲ್ಲಿ ಯಾರಿಗೆ ಊದ್ತೀಯ ತುತ್ತೂರಿ?"

ಗಾಸ್ಪಾರ್ ನಕ್ಕ. ಮರುದಿನ ರುಜು ಹಾಕಿದ. ಮಾವ ಒಬ್ಬನೇ ಬಸ್ಸು ಹತ್ತಿದ.

ವಾರ ಕಳೆಯುವಷ್ಟರಲ್ಲಿ ರೇಡಿಯೋದಲ್ಲಿ ಯುದ್ಧ ಸಾರಿದರು. ಅನ್ಸೆಲ್ಮ್ ಅದನ್ನು ಕೇಳಿದ್ದು ಅಜೇತಾಳ ಒಲೆಯ ಮುಂದೆ. ಅವಳು ವಡೆ ತಿರುವಿ ಹಾಕುವುದನ್ನು ಮರೆತಳು, ಅದು ಕಪ್ಪಾಯಿತು.

ಬಟ್ಟೆಕೋಣೆಯಲ್ಲಿ ಅಧ್ಯಕ್ಷರಿಗೆ ಸೈನ್ಯದ ಉಡುಪು ತೊಡಿಸಬೇಕಿತ್ತು. ಸೊಂಟ ಮತ್ತೆ ತುಂಬಿಕೊಂಡಿತ್ತು, ಹಿಡಿಸಿದ ಹೊಲಿಗೆಗಳನ್ನು ಅನ್ಸೆಲ್ಮ್ ಹಿಂದಿನ ದಿನವೇ ಬಿಚ್ಚಿಸಿದ್ದ.

"ನೀನು ಮಾತು ಕೊಟ್ಟಿದ್ದೆ" ಎಂದ ಅವನು, ಅಂಗಿಯ ಗುಂಡಿ ಹಾಕುತ್ತಾ.

"ತಮಾಷೆಗೆ ಕೊಟ್ಟಿದ್ದು ಕಣೋ." ಅಧ್ಯಕ್ಷರ ದನಿಯಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ಹೇಳುವ ತಾಳ್ಮೆಯಿತ್ತು. "ನೀನು ದೇಶದ ಮುಂದೆ ನನ್ನನ್ನ ಏನೆಲ್ಲಾ ಅಂದೆ, ನಾನು ಬೇಜಾರು ಮಾಡ್ಕೊಂಡ್ನಾ? ಈಗ ನೀನು ಮಾಡ್ಕೋಬಾರದು. ಅದೇ ತಾನೆ ನಮ್ಮ ಕಟ್ಟಳೆ?"

ಅನ್ಸೆಲ್ಮ್ ಕೊನೆಯ ಗುಂಡಿಗೆ ಬಂದಿದ್ದ. "ನನ್ನ ತಮ್ಮ ಬ್ಯಾಂಡಿನಲ್ಲಿದಾನೆ ಸಾರ್. ಅವನನ್ನ ಇಲ್ಲೇ ಬಿಡಿಸಿಕೊಡಿ."

ಅಧ್ಯಕ್ಷರು ಕನ್ನಡಿಯಲ್ಲಿ ಅವನನ್ನು ನೋಡಿದರು. 'ಸಾರ್' ಅವರಿಗೆ ಹಿತವಾಗಲಿಲ್ಲ. "ಒಬ್ಬನ ತಮ್ಮನ್ನ ಬಿಟ್ರೆ ಮಿಕ್ಕ ತಾಯಂದಿರಿಗೆ ಏನು ಹೇಳ್ಲಿ? ನೀನೇ ಹೇಳು" ಎಂದರು. ಅವರಿಗೆ ನಿಜಕ್ಕೂ ಬೇಸರವಾಗಿತ್ತು. ಅದೂ ಸುಳ್ಳಲ್ಲ. ಅವರ ದುಃಖಗಳೆಲ್ಲ ನಿಜವೇ. ಊಟದ ಹೊತ್ತಿಗೆ ಮುಗಿಯುತ್ತಿದ್ದವು, ಅಷ್ಟೇ.

ಬಡವನ ಕೋಪ ದವಡೆಗೆ ಮೂಲ. ಅನ್ಸೆಲ್ಮ್ ಕೊನೆಯ ಗುಂಡಿ ಹಾಕಿ, ಭುಜದ ಮೇಲಿನ ನೂಲು ತೆಗೆದ.

ಗಾಸ್ಪಾರ್ ಮಳೆಗಾಲದ ಮೊದಲು ವಾಪಸು ಬಂದ, ಮೊಳೆ ಹೊಡೆದ ಪೆಟ್ಟಿಗೆಯಲ್ಲಿ. ಗಾಯಾಳುವೊಬ್ಬನನ್ನು ಹೊತ್ತು ಹೊಳೆ ದಾಟುತ್ತಿದ್ದಾಗ ಆದದ್ದಂತೆ. ಪೆಟ್ಟಿಗೆಯ ಮೇಲೆ ತುತ್ತೂರಿ ಇಟ್ಟು ಕಳಿಸಿದ್ದರು. ಅದರ ಬಾಯಿ ಜಜ್ಜಿತ್ತು.

ಊರಿಗೆ ಒಬ್ಬ ಅಧಿಕಾರಿ ಹೂಚಕ್ರ ತಂದ. ಅಧ್ಯಕ್ಷರ ಸಂದೇಶ ಓದಿದ: ವೀರ, ಹುತಾತ್ಮ, ದೇಶದ ಮಗ. ಮಾತುಗಳಿಗೆಲ್ಲ ಗರಿಗರಿ ಇಸ್ತ್ರಿಯಾಗಿತ್ತು. ತಾಯಿ ಕೈಯನ್ನು ಕಿವಿಗೆ ಅಡ್ಡ ಹಿಡಿದು ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಪಕ್ಕದಲ್ಲಿದ್ದ ಅನ್ಸೆಲ್ಮನನ್ನು ಮೆಲ್ಲಗೆ ಕೇಳಿದಳು: "ಮೋಸಿಗಳು ಯಾರೂ ಬರ್ಲಿಲ್ವೇನೋ? ನನ್ನ ಮಗ ಬೈಯೋರಿಲ್ದೆ ಹೋಗ್ಬೇಕಾ?"

ಅಧಿಕಾರಿ ಮೋಸಿಯೇ. ಆದರೆ ಅವನು ಸರ್ಕಾರಿ ಉಡುಪಿನಲ್ಲಿದ್ದ, ಗಡಿಯಾರ ನೋಡಿ ಜೀಪು ಹತ್ತಿದ.

ಜೀಪಿನ ಧೂಳು ಇಳಿಯುವಾಗ ರಸ್ತೆಯ ತಿರುವಿನಲ್ಲಿ ಒಂದು ಸಂತೆ ಬಸ್ಸು ನಿಂತಿತು. ಅದರಿಂದ ಒಬ್ಬ ದಪ್ಪ ಹೆಂಗಸು ಹಿಂದುಮುಂದಾಗಿ ಇಳಿದಳು. ಕೈಯಲ್ಲಿ ವಡೆ ಎತ್ತುವ ಜಾಲರಿ ಸೌಟು. ಯಾರನ್ನೂ ಮಾತಾಡಿಸದೆ, ಚಪ್ಪಲಿ ಬಿಟ್ಟು, ಸೀರೆಯ ಹಾಗೆ ಸುತ್ತಿದ್ದ ಬಟ್ಟೆ ಎತ್ತಿ ಕಟ್ಟಿ, ಅಜೇತಾ ಗಾಸ್ಪಾರನಿಗೆ ತೋಡಿದ ಗುಂಡಿಗೆ ಇಳಿಯಲು ಹೊರಟಳು. ಇಳಿಯಲಾಗದೆ ಜಾರಿ ಧೊಪ್ಪನೆ ಕೂತಳು. ಜನ ನಗಲೋ ಬೇಡವೋ ಎಂದು ನೋಡಿದರು.

ಅವಳು ಸೌಟಿನ ಹಿಡಿಯನ್ನು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಹೆರಿಗೆ ನೋವಿನ ಮೇಕೆಯ ಹಾಗೆ ಊದಿದಳು. "ಇದೇ ಏನ್ರೋ ನಿಮ್ಮ ಗಾಸ್ಪಾರ? ನಮ್ಮ ಗೇಟಿನ ಮುಂದೆ ಇವನು ಊದಿದ್ರೆ ನನ್ನ ಎಣ್ಣೆ ಹೆಪ್ಪುಗಟ್ಟತಿತ್ತು. ನನ್ನ ಗುಲಾಮರಲ್ಲೇ ಇಷ್ಟು ಕೆಟ್ಟದಾಗಿ ಊದೋನು ಇನ್ನೊಬ್ಬ ಇರ್ಲಿಲ್ಲ. ಅದಕ್ಕೇ ಆ ಕಡೆಯೋರು ಗುಂಡು ಹೊಡೆದಿದ್ದು."

ತಾಯಿ ಮೊದಲು ನಕ್ಕಳು. ಆಮೇಲೆ ಅವಳು ಅತ್ತದ್ದು, ಪೆಟ್ಟಿಗೆ ಬಂದಂದಿನಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತದ್ದು, ಪಕ್ಕದ ಕೇರಿಯವರಿಗೂ ಕೇಳಿಸಿತು.

ಅಜೇತಾ ಗುಂಡಿಯಲ್ಲಿ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದಳು. ಇನ್ನು ಅನ್ಸೆಲ್ಮನ ಸರದಿ. ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಏಳೇ ಕತ್ತೆ ಕಾಯೋಳೆ. ಏನು ಬೇಕು ನಿಂಗೆ? ಮಾತು ಕೊಡ್ಲಾ?"

ಅಜೇತಾ ಒಂದು ಕಣ್ಣು ತೆರೆದಳು. ಅದರಲ್ಲಿ ನೀರಿತ್ತು.

"ಮಾತು ಬೇಡ ಕಣಪ್ಪ. ಮಾತು ನನ್ನ ಮಗಳ ಗುಂಡೀಲೇ ಆಯ್ತಲ್ಲ. ಕೋಳಿ ಇದ್ರೆ ಕೊಡು."

ಅನ್ಸೆಲ್ಮ್ ಎದ್ದು ಹಿತ್ತಲಿಗೆ ಹೋದ. ತಾಯಿ ಸಾಕಿದ್ದ ಕೆಂಚುಕೋಳಿ ಸುಲಭಕ್ಕೆ ಸಿಗಲಿಲ್ಲ. ಬೇಲಿಯ ಸುತ್ತ ಓಡಿಸಿತು, ಒಂದು ಸಲ ಅವನು ಮುಗ್ಗರಿಸಿಯೂ ಬಿದ್ದ, ಜನ ನಕ್ಕರು. ಹಿಡಿದು ತಂದು, ರೆಕ್ಕೆ ಒತ್ತಿ, ಕೆಳಗೆ ಚಾಚಿದ. ಅಜೇತಾ ಒಂದು ಕೈಯಲ್ಲಿ ಕೋಳಿ ಹಿಡಿದು ಇನ್ನೊಂದು ಕೈ ಮೇಲೆ ಕೊಟ್ಟಳು. ಅವಳು ಭಾರವಿದ್ದಳು. ಒಬ್ಬನಿಂದ ಆಗದೆ, ತಾಯಿಯೂ ಬಂದು ಅವನ ಸೊಂಟ ಹಿಡಿದಳು. ಇಬ್ಬರೂ ಸೇರಿ ಎಳೆದರು.

ಅವಳು ಮೇಲೆ ಬಂದ ಮೇಲೆ ಗಾಸ್ಪಾರನನ್ನು ಇಳಿಸಿದರು.